ಪದ ಬೇಕು: ಟೈಡಲ್ ವಾಲ್ಯೂಮ್, ವೈಟಲ್ ಕೆಪ್ಯಾಸಿಟಿ, ಪೀಕ್ ಫ್ಲೋ (ತುರ್ತು)

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಒಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಉಸಿರಾಟದ ಅಳತೆಗಳ ಬೋರ್ಡ್ ಆಗಬೇಕು. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗುತ್ತದೆ. ಸುಮ್ಮನೆ ಕೂತಾಗ ಒಂದು ಸಲ ಎಳೆದು ಬಿಡುವ ಉಸಿರು, ದೊಡ್ಡವರಲ್ಲಿ ಸುಮಾರು 500 ಮಿಲಿ, ಟೈಡಲ್ ವಾಲ್ಯೂಮ್. ಕರಡಿನಲ್ಲಿ ಇದಕ್ಕೆ 'ಉಬ್ಬರವಿಳಿತ ಪರಿಮಾಣ' ಅಂತಿದೆ. ಪೂರ್ತಿ ಎಳೆದು ಪೂರ್ತಿ ಬಿಟ್ಟಾಗ ಸಿಗುವ ವೈಟಲ್ ಕೆಪ್ಯಾಸಿಟಿಗೆ 'ಜೀವಧಾರಕ ಸಾಮರ್ಥ್ಯ'. ಎರಡೂ ಹಿಡಿಸುತ್ತಿಲ್ಲ. ಜೋರಾಗಿ ಊದಿದಾಗ ಉಸಿರು ಹೊರಬರುವ ಗರಿಷ್ಠ ವೇಗ ಪೀಕ್ ಫ್ಲೋ, ಅದಕ್ಕೆ ಏನೂ ಸಿಕ್ಕಿಲ್ಲ. ಸಂಜೆಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

*

ಮೇಡಂ, 'ಉಬ್ಬರವಿಳಿತ' ಬೇಡವೇ ಬೇಡ. ಅದು ಕಡಲಿನದು. ಉಬ್ಬಸದವರ ಮುಂದೆ 'ಉಬ್ಬರ' ಅಂತ ಬರೆದರೆ ಕಾಯಿಲೆಯ ಹೆಸರು ಅಂತಲೇ ಓದುತ್ತಾರೆ. 'ಜೀವಧಾರಕ'ವನ್ನೂ ಬಿಡಿ. 1846ರಲ್ಲಿ ವೈದ್ಯ ಜಾನ್ ಹಚಿನ್ಸನ್ ಉಸಿರು ಅಳೆಯುವ ತನ್ನ ಸ್ಪೈರೋಮೀಟರ್ ಬಗ್ಗೆ ಬರೆದಾಗ ಇಟ್ಟ 'ವೈಟಲ್' ಹೆಸರನ್ನು ನಾವು ಅಕ್ಷರಕ್ಕೆ ಅಕ್ಷರ ಹೊರಬೇಕಿಲ್ಲ.

ಕನ್ನಡದಲ್ಲೇ ದಾರಿ ಇದೆ. ನಿಡಿದಾದ ಉಸಿರು ನಿಟ್ಟುಸಿರು, ಏದುವ ಉಸಿರು ಏದುಸಿರು. ಹಾಗೆಯೇ ವೈಟಲ್ ಕೆಪ್ಯಾಸಿಟಿ 'ತುಂಬುಸಿರು'. ಉಸಿರು ಆಡುತ್ತದೆ ಅನ್ನುತ್ತೇವೆ, ಆದ್ದರಿಂದ ಟೈಡಲ್ 'ಆಡುಸಿರು'. ಎಷ್ಟು ಊದಿದರೂ ಒಳಗೇ ಉಳಿಯುವ ಲೀಟರಿಗಿಂತ ಸ್ವಲ್ಪ ಜಾಸ್ತಿ ಗಾಳಿ ಇದೆಯಲ್ಲ, ಅದು 'ತಂಗುಸಿರು'. ಪೀಕ್ ಫ್ಲೋ 'ಊದುಬಿರುಸು'.

*

ಹಾಸನದಿಂದ. 'ತುಂಬುಸಿರು' ಚೆನ್ನಾಗಿದೆ, ಇಟ್ಟುಕೊಳ್ಳಿ. ಉಳಿದದ್ದು ಬೇಡ.

ಬೋರ್ಡ್ ಯಾರಿಗೆ? ಟೈಡಲ್ ವಾಲ್ಯೂಮ್ ವೆಂಟಿಲೇಟರ್ ನೋಡಿಕೊಳ್ಳುವವರ ಲೆಕ್ಕ. ರೋಗಿಯ ಎತ್ತರದಿಂದ ಲೆಕ್ಕ ಹಾಕಿದ ತೂಕಕ್ಕೆ, ಕಿಲೋಗೆ 6ರಿಂದ 8 ಮಿಲಿ ಇಡುತ್ತಾರೆ. ಆ ಅವಸರದಲ್ಲಿ ಹೊಸ ಹೆಸರು ಕೊಟ್ಟರೆ ಅಪಾಯ. ರೋಗಿಗೆ ಅದು ಬೇಕಾಗಿಯೇ ಇಲ್ಲ. ಬೋರ್ಡಿನಿಂದ ತೆಗೆಯಿರಿ.

ಪೀಕ್ ಫ್ಲೋ ಹಾಗೇ ಇರಲಿ. ಮೀಟರ್ ಕೈಗೆ ಕೊಡುವ ನರ್ಸ್ ಹೇಳುವುದೂ ಅದನ್ನೇ. ಕೆಳಗೆ ಹೀಗೆ ಬರೆಯಿರಿ: 'ಉಸಿರು ಪೂರ್ತಿ ಎಳೆದುಕೊಳ್ಳಿ. ಒಂದೇ ಬಾರಿಗೆ ಜೋರಾಗಿ ಊದಿ. ಹೀಗೆ ಮೂರು ಸಲ. ಜಾಸ್ತಿ ಬಂದದ್ದೇ ಲೆಕ್ಕ.' ಹುಷಾರಾಗಿದ್ದಾಗ ಮೀಟರಿನಲ್ಲಿ 400 (ನಿಮಿಷಕ್ಕೆ ಲೀಟರ್) ಊದುವವರು 200ಕ್ಕಿಂತ ಕೆಳಗಿಳಿದರೆ ಉಬ್ಬಸ ತೀವ್ರವಾಗಿದೆ ಅಂತ ಅರ್ಥ. ಅದನ್ನೂ ಹಾಕಿ. ದಮ್ಮು ಕಟ್ಟಿದವರಿಗೆ ಬೇಕಾದ್ದು ಅಷ್ಟೇ.

*

ಹಾಗಾದರೆ ಪೂರ್ತಿ ಇಂಗ್ಲಿಷಿನಲ್ಲೇ ಹಾಕಿಬಿಡಿ. ಕನ್ನಡ ಯಾಕೆ?

*

'ಬೋರ್ಡ್', 'ಆಸ್ಪತ್ರೆ' ಎರಡೂ ಹೊರಗಿನಿಂದ ಬಂದವು, 'ರೋಗಿ' ಸಂಸ್ಕೃತದ್ದು. ಅವಕ್ಕೆ ತಕರಾರಿಲ್ಲ, ಪೀಕ್ ಫ್ಲೋಗೆ ಮಾತ್ರ ಯಾಕೆ? 'ಊದುಬಿರುಸು' ಅಂದರೆ ಏನು ಅಂತ ಮೂಡಿಗೆರೆಯಿಂದ ರಾತ್ರಿ ಉಬ್ಬಸ ಎದ್ದು ಬಂದವರು ಯಾರನ್ನು ಕೇಳಬೇಕು?

*

ಇಬ್ಬರಿಗೂ ಥ್ಯಾಂಕ್ಸ್. ತುಂಬುಸಿರು, ಪೀಕ್ ಫ್ಲೋ ಎರಡನ್ನೂ ಹಾಕುತ್ತೇನೆ. ಟೈಡಲ್ ತೆಗೆಯಲು ಡಾಕ್ಟರನ್ನು ಕೇಳಬೇಕು. ಆಕ್ಸಿಮೀಟರಿನ ಸಾಲು ಇನ್ನೂ ಬಾಕಿ ಇದೆ. 'ಆಮ್ಲಜನಕದ ಮಟ್ಟ' ಸಾಕಲ್ವಾ?