ಯೂನಿಟಿ: ಓಡುವಾಗ ಜಂಪ್ ಒಮ್ಮೆ ಸರಿ, ಒಮ್ಮೆ ತಡ. ಯಾಕೆ?

ಪ್ರಶ್ನೆ

ನಮಸ್ಕಾರ. ಗೇಮ್ ಮಾಡುವ ಸಾಫ್ಟ್‌ವೇರ್ ಯೂನಿಟಿಯಲ್ಲಿ 3ಡಿ ಪ್ಲಾಟ್‌ಫಾರ್ಮರ್ (ಓಡಿ, ಹಾರಿ ಆಡುವ ಗೇಮ್) ಮಾಡ್ತಿದ್ದೇನೆ. ಯಾವಾಗ ಯಾವ ಆನಿಮೇಶನ್ ಅಂತ ನಿರ್ಧರಿಸುವ ಆನಿಮೇಟರ್‌ನಲ್ಲಿ ಐಡಲ್ (ಸುಮ್ಮನೆ ನಿಂತಿರುವುದು), ರನ್, ಜಂಪ್ ಅಂತ ಮೂರೇ ಸ್ಟೇಟ್. ಓಡುವಾಗ ಸ್ಪೇಸ್ ಒತ್ತಿದರೆ ಒಮ್ಮೊಮ್ಮೆ ಬೇಗ ಹಾರುತ್ತದೆ, ಒಮ್ಮೊಮ್ಮೆ ತುಂಬಾ ತಡ. ಕೆಲವು ಸಲ ಹಾರುವುದೇ ಇಲ್ಲ. ಮೇಲೆತ್ತುವ ಫೋರ್ಸನ್ನು ಜಂಪ್ ಕ್ಲಿಪ್‌ನ ಆನಿಮೇಶನ್ ಇವೆಂಟ್‌ನಿಂದ (ಕ್ಲಿಪ್‌ನ ಒಂದು ಫ್ರೇಮ್ ಬಂದಾಗ ಕೋಡ್ ಕರೆಯುವ ಗುರುತು) ಕೊಡುತ್ತೇನೆ, ಕಾಲು ನೆಲ ಬಿಡುವ ಫ್ರೇಮ್‌ಗೆ ಸರಿಯಾಗಿ. ಕೀ ಓದುವುದು ಫಿಕ್ಸ್ಡ್‌ಅಪ್‌ಡೇಟ್‌ನಲ್ಲಿ (ನಿಗದಿತ ಸಮಯಕ್ಕೊಮ್ಮೆ ನಡೆಯುವ ಫಂಕ್ಷನ್).

ಉತ್ತರ

ಇಷ್ಟು ವಿವರ ಕೊಟ್ಟಿದ್ದು ಒಳ್ಳೆಯದಾಯಿತು. ಇಲ್ಲಿ ಮೂರು ತೊಂದರೆ ಸೇರಿಕೊಂಡಿವೆ.

ಹಾರುವುದೇ ಇಲ್ಲ ಅನ್ನುವುದು ಇನ್‌ಪುಟ್ ಸಮಸ್ಯೆ. ಫಿಕ್ಸ್ಡ್‌ಅಪ್‌ಡೇಟ್ ಸೆಟ್ಟಿಂಗ್ ಬದಲಿಸದಿದ್ದರೆ 0.02 ಸೆಕೆಂಡಿಗೊಮ್ಮೆ ನಡೆಯುತ್ತದೆ. ಕೀ ಈಗ ಒತ್ತಿದರಾ ಅಂತ ಹೇಳುವ ಗೆಟ್‌ಕೀಡೌನ್ ನಿಜವಾಗಿರುವುದು ಒಂದೇ ಫ್ರೇಮ್. ಆ ಫ್ರೇಮ್‌ನಲ್ಲಿ ಫಿಕ್ಸ್ಡ್‌ಅಪ್‌ಡೇಟ್ ನಡೆಯದಿದ್ದರೆ ಒತ್ತಿದ್ದು ಹೋಯಿತು. ಕೀಯನ್ನು ಪ್ರತಿ ಫ್ರೇಮ್‌ಗೂ ನಡೆಯುವ ಅಪ್‌ಡೇಟ್‌ನಲ್ಲಿ ಓದಿ, ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ.

ಒಮ್ಮೆ ಬೇಗ, ಒಮ್ಮೆ ತಡ ಅನ್ನುವುದಕ್ಕೆ ರನ್‌ನಿಂದ ಜಂಪ್‌ಗೆ ಹೋಗುವ ಬಾಣ ಕ್ಲಿಕ್ ಮಾಡಿ ನೋಡಿ. ಹ್ಯಾಸ್ ಎಕ್ಸಿಟ್ ಟೈಮ್ ಟಿಕ್ ಆಗಿರುತ್ತದೆ, ಅಲ್ವಾ? ಹೊಸ ಟ್ರಾನ್ಸಿಶನ್ (ಬಾಣ) ಎಳೆದಾಗ ಅದು ಹಾಗೇ ಬರುತ್ತದೆ. ರನ್ ಕ್ಲಿಪ್ 0.8 ಸೆಕೆಂಡ್, ಎಕ್ಸಿಟ್ ಟೈಮ್ 0.75, ಅಂದರೆ ಕ್ಲಿಪ್‌ನ ಮುಕ್ಕಾಲು ಭಾಗ, ಅಂದುಕೊಳ್ಳಿ. ಆಗ ಪ್ರತಿ ಸುತ್ತಿನ 0.6ನೇ ಸೆಕೆಂಡಿನಲ್ಲಿ ಮಾತ್ರ ಜಂಪ್‌ಗೆ ದಾರಿ. ಅದು ದಾಟಿದ ಮೇಲೆ ಒತ್ತಿದರೆ, ಬಸ್ ಹೋದಮೇಲೆ ಸ್ಟಾಪಿಗೆ ಬಂದ ಹಾಗೆ, ಮುಂದಿನ ಸುತ್ತಿಗೆ ಕಾಯಬೇಕು. ಟಿಕ್ ತೆಗೆಯಿರಿ. ಟ್ರಾನ್ಸಿಶನ್ ಡ್ಯುರೇಶನ್ (ಎರಡು ಆನಿಮೇಶನ್ ಬೆರೆಯುವ ಸಮಯ) 0.05 ಸೆಕೆಂಡಿನಷ್ಟು ಸಾಕು. ರನ್‌ನಿಂದ ಐಡಲ್‌ಗೆ ಹೋಗುವ ಬಾಣದಲ್ಲಿ ಇಂಟರಪ್ಶನ್ ಸೋರ್ಸ್ (ನಡುವೆ ಬೇರೆ ಬಾಣ ಬರಲು ಬಿಡುವ ಸೆಟ್ಟಿಂಗ್) ಅನ್ನು ಕರೆಂಟ್ ಸ್ಟೇಟ್ ದೆನ್ ನೆಕ್ಸ್ಟ್ ಸ್ಟೇಟ್ ಮಾಡಿ. ಇಲ್ಲದಿದ್ದರೆ ನಿಲ್ಲುವ ಹೊತ್ತಿಗೆ ಒತ್ತಿದ ಜಂಪ್, ಆ ಬ್ಲೆಂಡ್ (ಬೆರೆಯುವುದು) ಮುಗಿಯುವವರೆಗೆ ಕಾಯುತ್ತದೆ.

ಆದರೆ ಮುಖ್ಯವಾಗಿ ಬದಲಾಗಬೇಕಾದ್ದು ಆ ಇವೆಂಟ್. ಹಾರುವ ಮುಂಚೆ ಮೊಣಕಾಲು ಬಗ್ಗಿಸುವ ಫ್ರೇಮ್‌ಗಳು 8 ಇದ್ದರೆ, 30 ಎಫ್‌ಪಿಎಸ್ (ಸೆಕೆಂಡಿಗೆ 30 ಫ್ರೇಮ್) ಕ್ಲಿಪ್‌ನಲ್ಲಿ ಅದೇ 0.27 ಸೆಕೆಂಡ್. ನೋಡಲು ಚೆಂದ, ಆಡುವವರ ಕೈಗೆ ಮಾತ್ರ ಮಂದ. ಫೋರ್ಸನ್ನು ಕೋಡ್‌ನಿಂದ ತಕ್ಷಣ ಕೊಡಿ. ಕ್ಲಿಪ್‌ನ ಆ ಮೊದಲ ಭಾಗ ಕತ್ತರಿಸಿ, ಭಾರವನ್ನು ಇಳಿಯುವಾಗ ತೋರಿಸಿ. ಪ್ಲಾಟ್‌ಫಾರ್ಮರ್‌ನಲ್ಲಿ ಚಲನೆ ಮುಂದೆ ಇರಬೇಕು, ಆನಿಮೇಶನ್ ಅದರ ಹಿಂದೆ ಬರಬೇಕು.

ಕೇಳಿದವರು

ಜಂಪ್ ಸರಿಹೋಯಿತು, ತುಂಬಾ ಥ್ಯಾಂಕ್ಸ್! ಇನ್ನೊಂದು ಕೇಳಲಾ? ಓಡುವಾಗ ಪಾದ ನೆಲದ ಮೇಲೆ ಜಾರುತ್ತದೆ.

ಉತ್ತರ

ಕ್ಲಿಪ್‌ನ ವೇಗವೂ ಕ್ಯಾರೆಕ್ಟರ್ ವೇಗವೂ ಹೊಂದುತ್ತಿಲ್ಲ. ಕ್ಲಿಪ್ ಸೆಕೆಂಡಿಗೆ 3.5 ಮೀಟರ್‌ಗೆ ಮಾಡಿದ್ದು, ನೀವು 5ರಲ್ಲಿ ಓಡಿಸಿದರೆ, ಪ್ಲೇ ಸ್ಪೀಡ್ ಸುಮಾರು 1.43 ಬೇಕು. ಅಷ್ಟು ಹೆಚ್ಚಿಸಿದರೆ ಕಾಲು ಪಟಪಟ ಅನ್ನಬಹುದು. ಹಾಗಾಗಿ ವಾಕ್, ರನ್ ಎರಡನ್ನೂ 1ಡಿ ಬ್ಲೆಂಡ್ ಟ್ರೀಯಲ್ಲಿ (ಒಂದು ಅಂಕಿಗೆ ತಕ್ಕಂತೆ ಕ್ಲಿಪ್‌ಗಳನ್ನು ಬೆರೆಸುವ ಸ್ಟೇಟ್) ಹಾಕಿ, ಪ್ರತಿ ಕ್ಲಿಪ್‌ನ ವೇಗ ಅದೇ ಲೆಕ್ಕ ಹಾಕುವಂತೆ ಕಂಪ್ಯೂಟ್ ಥ್ರೆಶೋಲ್ಡ್ಸ್‌ನಲ್ಲಿ ಸ್ಪೀಡ್ ಆರಿಸಿ. ಕ್ಲಿಪ್ ನಿಂತಲ್ಲೇ ಓಡುವಂಥದ್ದಾದರೆ ಅಲ್ಲಿ ಸೊನ್ನೆ ಬರುತ್ತದೆ. ಆಗ ನೆಲ ಮುಟ್ಟಿದ ಪಾದ ಎಷ್ಟು ಹೊತ್ತಿನಲ್ಲಿ ಎಷ್ಟು ದೂರ ಹಿಂದೆ ಹೋಯಿತು ಅಂತ ಅಳೆದು, ನೀವೇ ಆ ವೇಗ ಬರೆಯಿರಿ.