ಪತ್ರಿಕೋದ್ಯಮ ಎಂ.ಎ.ಗೆ ಹೊರಟಿರುವ ಯರವ ವಿದ್ಯಾರ್ಥಿನಿಗೆ ಹಣದ ನೆರವು ಎಲ್ಲೆಲ್ಲಿ ಸಿಗುತ್ತದೆ?

ಗೋಣಿಕೊಪ್ಪ ಉಪನ್ಯಾಸಕಿ:
ನಮಸ್ಕಾರ. ಬಿ.ಎ.ಯಲ್ಲಿ ಪತ್ರಿಕೋದ್ಯಮ ಓದಿದ, ಪರಿಶಿಷ್ಟ ಪಂಗಡಕ್ಕೆ (ಎಸ್‌ಟಿ) ಸೇರಿದ ಯರವ ಸಮುದಾಯದ ಹುಡುಗಿಯೊಬ್ಬಳ ಪರವಾಗಿ ಕೇಳುತ್ತಿದ್ದೇನೆ. ಮನೆಯವರು ಪೊನ್ನಂಪೇಟೆ ತಾಲೂಕಿನ ಕಾಫಿ ತೋಟದ ಲೈನ್‌ಮನೆಯಲ್ಲಿ (ಕಾರ್ಮಿಕರ ಸಾಲುಮನೆ) ಇದ್ದಾರೆ, ಕೂಲಿಯೇ ಆದಾಯ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡುವುದೋ, ಚೆನ್ನೈನ ಏಷಿಯನ್ ಕಾಲೇಜ್ ಆಫ್ ಜರ್ನಲಿಸಂನ ಡಿಪ್ಲೊಮಾಗೆ ಅರ್ಜಿ ಹಾಕುವುದೋ ಎಂಬ ಯೋಚನೆ. ಮುಂದೆ ವಿದೇಶಕ್ಕೆ ಹೋಗುವ ಆಸೆಯೂ ಇದೆ. ಶುಲ್ಕ, ಊಟ, ವಸತಿಗೆ ಏನೇನು ಸಿಗುತ್ತದೆ? ಯಾವ ಕೆಲಸ ಮೊದಲು ಮುಗಿಸಬೇಕು?

ಹಾರಂಗಿ:
ಮೇಡಂ, ಕೋರ್ಸಿಗಿಂತ ಮೊದಲು ಕಾಗದಪತ್ರ ಸರಿಮಾಡಿಸಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್‌ಟಿ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂ. ದಾಟಬಾರದು. ಅರ್ಜಿ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ. ಜಾತಿ ಮತ್ತು ಆದಾಯ ಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ ಹಾಕಿದರೆ ನಾಡಕಚೇರಿಯ ದಾಖಲೆ ತಾನಾಗಿ ಬಂದು ಕೂರುತ್ತದೆ. ಅರ್ಜಿಗಳು ಸಿಕ್ಕಿಬೀಳುವುದೂ ಅಲ್ಲೇ. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿಪತ್ರ ಮೂರರಲ್ಲೂ ಹೆಸರು ಅಕ್ಷರಶಃ ಒಂದೇ ಇರಲಿ. ಇನಿಷಿಯಲ್ ಒಂದರಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ತೊಂದರೆಯಾಗುತ್ತದೆ.

ಆದಾಯ ಪತ್ರಕ್ಕೆ 5 ವರ್ಷ ಆಯುಸ್ಸು. ಬಿ.ಎ. ಸೇರುವಾಗ ಮಾಡಿಸಿದ್ದು ಎಂ.ಎ. ನಡುವೆ ಮುಗಿಯುತ್ತದೆಯೇ ನೋಡಿ. ಕುಟುಂಬ ಒಂದು ತೋಟ ಬಿಟ್ಟು ಇನ್ನೊಂದಕ್ಕೆ ಹೋಗಿದ್ದರೆ ಪಡಿತರ ಚೀಟಿಯ ವಿಳಾಸ ಹಳೆಯದೇ ಉಳಿದಿರುತ್ತದೆ, ಸ್ಥಳ ಪರಿಶೀಲನೆಯಲ್ಲಿ ಅರ್ಜಿ ವಾಪಸಾಗುತ್ತದೆ. ಇದನ್ನೆಲ್ಲ ಮೇ ತಿಂಗಳೊಳಗೆ ಮುಗಿಸಿ. ಜೂನ್‌ನಲ್ಲಿ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ಇನ್ನು ಬ್ಯಾಂಕ್. ವೇತನ ಬೀಳುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಸಿಮ್ ಕೊಳ್ಳುವಾಗ ತೆರೆಸಿದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಹಣ ಹೋಗಿ ಕುಳಿತಿರುತ್ತದೆ, ಹುಡುಗಿ ಬಂದೇ ಇಲ್ಲ ಅಂದುಕೊಂಡಿರುತ್ತಾಳೆ. ಬ್ಯಾಂಕಿನಲ್ಲಿ "ಎನ್‌ಪಿಸಿಐ ಮ್ಯಾಪಿಂಗ್ (ಹಣ ಬೀಳಲು ಆಧಾರ್‌ಗೆ ಆದ ಜೋಡಣೆ) ಯಾವ ಖಾತೆಗಿದೆ" ಅಂತಲೇ ಕೇಳಿಸಿ.

ಮಾಲ್ದಾರೆ:
ಹಾರಂಗಿಯವರು ಹೇಳಿದ್ದಕ್ಕೆ ಸೇರಿಸುತ್ತೇನೆ. ವೇತನ ತರಗತಿ ಶುರುವಾದ ಕೂಡಲೇ ಬರುವುದಿಲ್ಲ, ತಿಂಗಳುಗಟ್ಟಲೆ ತಡವಾಗುತ್ತದೆ. ಬಡ ಮಕ್ಕಳು ಓದು ಬಿಡುವುದು ಆ ಮೊದಲ ತಿಂಗಳುಗಳಲ್ಲೇ. ಅದಕ್ಕೇ ನನ್ನ ಮಟ್ಟಿಗೆ ಹಾಸ್ಟೆಲ್ ಸೀಟು ವಿದ್ಯಾರ್ಥಿವೇತನಕ್ಕಿಂತ ದೊಡ್ಡದು. ಸರ್ಕಾರಿ ಹಾಸ್ಟೆಲ್‌ಗೆ ಬೇರೆ ಪೋರ್ಟಲ್ ಇದೆ, ಎಸ್‌ಎಚ್‌ಪಿ ಅಂತ. ಎಸ್‌ಎಸ್‌ಪಿಯಲ್ಲಿ ಹಾಕಿದ ಅರ್ಜಿ ಅಲ್ಲಿಗೆ ಹೋಗುವುದಿಲ್ಲ, ಮತ್ತೆ ಹಾಕಬೇಕು. ಹಾಸ್ಟೆಲ್ ಸೀಟು ಖಚಿತವಾಗುವವರೆಗೆ ಮೂರು ತಿಂಗಳ ಊಟ, ಬಸ್ ಖರ್ಚನ್ನು ಊರಿನಲ್ಲೇ ಕೂಡಿಸಿ ಕೊಟ್ಟು ಕಳಿಸಿ. ಮಡಿಕೇರಿಯ ಐಟಿಡಿಪಿ (ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆ) ಕಚೇರಿಗೂ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಚೆನ್ನೈನ ಆ ಕಾಲೇಜಿನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಇದೆ. ಆದರೆ ಅದು ಇಂಗ್ಲಿಷ್ ಮಾಧ್ಯಮ, ಪ್ರವೇಶ ಪರೀಕ್ಷೆ ಬೇರೆ, ಸಿಗುವುದು ಡಿಪ್ಲೊಮಾ. ಮುಂದೆ ನೆಟ್ (ಉಪನ್ಯಾಸಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆದು ಉಪನ್ಯಾಸಕಿ ಆಗುವ ಯೋಚನೆ ಇದ್ದರೆ ಎಂ.ಎ.ಯೇ ಬೇಕು. ಇನ್ನೊಂದು ಮಾತು: ಪತ್ರಿಕೋದ್ಯಮ ಸಿಗಲಿಲ್ಲವೆಂದು ಸದ್ಯಕ್ಕೆ ಬೇರೆ ಎಂ.ಎ. ಮುಗಿಸಿಬಿಟ್ಟರೆ, ಅದೇ ಹಂತದ ಎರಡನೇ ಎಂ.ಎ.ಗೆ ಮೆಟ್ರಿಕ್ ನಂತರದ ವೇತನ ಕೊಡುವುದಿಲ್ಲ.

ತೋಟದವರು ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಗೆ ವಂತಿಗೆ ಕಟ್ಟುತ್ತಿದ್ದರೆ ಮಕ್ಕಳ ಓದಿಗೆ ಧನಸಹಾಯ ಉಂಟು. ಅಪ್ಪ ಅಥವಾ ಅಮ್ಮನ ಹೆಸರು ತೋಟದ ಚೆಕ್‌ರೋಲ್‌ನಲ್ಲಿ (ಕಾರ್ಮಿಕರ ಹಾಜರಿ ಪಟ್ಟಿ) ಇದೆಯೇ ಎಂದು ಅಲ್ಲಿನ ಲೆಕ್ಕ ಬರೆಯುವ ರೈಟರ್ ಹತ್ತಿರ ವಿಚಾರಿಸಿ.

ಗೋಣಿಕೊಪ್ಪ ಉಪನ್ಯಾಸಕಿ:
ಇಬ್ಬರಿಗೂ ಧನ್ಯವಾದ. ವಿದೇಶದ ಓದಿಗೆ ಆದಿಮ ಬುಡಕಟ್ಟುಗಳಿಗೆ (ವಿಶೇಷವಾಗಿ ದುರ್ಬಲವೆಂದು ಕೇಂದ್ರ ಗುರುತಿಸಿದ ಬುಡಕಟ್ಟುಗಳು) ಪ್ರತ್ಯೇಕ ಸ್ಥಾನ ಇದೆಯಂತೆ. ಯರವರು ಅದರಲ್ಲಿ ಬರುತ್ತಾರೆಯೇ?

ಬೆಟ್ಟದಪುರ ರಸ್ತೆ:
ಇಲ್ಲ ಮೇಡಂ. ಕೇಂದ್ರದ ಆ ಪಟ್ಟಿಯಲ್ಲಿ ಕರ್ನಾಟಕದಿಂದ ಇರುವುದು ಜೇನುಕುರುಬ ಮತ್ತು ಕೊರಗ ಮಾತ್ರ. ಬುಡಕಟ್ಟು ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಇಡೀ ದೇಶಕ್ಕೆ 20 ಸ್ಥಾನ. 17 ಎಸ್‌ಟಿಗೆ, 3 ಆದಿಮ ಬುಡಕಟ್ಟುಗಳಿಗೆ. ಯರವ ಹುಡುಗಿ 17ರಲ್ಲಿ ಸ್ಪರ್ಧಿಸಬೇಕು. ನಿಮ್ಮ ಕಾಲೇಜಿನಲ್ಲಿ ಜೇನುಕುರುಬ ಮಕ್ಕಳಿದ್ದರೆ ದಯವಿಟ್ಟು ಅವರಿಗೆ ಈ ಮೂರು ಸ್ಥಾನಗಳ ವಿಷಯ ಹೇಳಿ.

ಬ್ರಿಟನ್ನಿನ ಚೀವ್ನಿಂಗ್ ವೇತನ ಒಂದು ವರ್ಷದ ಸ್ನಾತಕೋತ್ತರ ಓದಿನ ಖರ್ಚನ್ನು ನೋಡಿಕೊಳ್ಳುತ್ತದೆ. ಆದರೆ 2,800 ಗಂಟೆ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಆದ್ದರಿಂದ ಪದವಿಯಾದ ತಕ್ಷಣ ಅದು ದಕ್ಕದು. ನಮ್ಮ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಎಸ್‌ಸಿ, ಎಸ್‌ಟಿ ಪತ್ರಿಕೋದ್ಯಮ ಪದವೀಧರರನ್ನು ಸ್ಟೈಪೆಂಡ್ ಕೊಟ್ಟು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಅದರ ಪ್ರಕಟಣೆ ಬಂದಾಗ ಬಿಡಬೇಡಿ. ಎಲ್ಲಿ ಕೆಲಸ ಮಾಡಿದರೂ ದಿನಾಂಕ, ವಾರಕ್ಕೆ ಎಷ್ಟು ಗಂಟೆ ಎಂಬುದನ್ನು ನಮೂದಿಸಿದ ಅನುಭವ ಪತ್ರವನ್ನು ಕೆಲಸ ಬಿಡುವ ದಿನವೇ ಸಹಿ ಹಾಕಿಸಿಕೊಳ್ಳಲಿ. ಎರಡು ವರ್ಷ ಕಳೆದು ಹೋದರೆ ಸಹಿ ಹಾಕಬೇಕಾದವರು ಅಲ್ಲಿರುವುದಿಲ್ಲ.