ಅಮ್ಮನ ಮಂಡಿನೋವಿಗೆ ಮ್ಯಾಗ್ನೆಟ್ ಹಾಸಿಗೆ ತಗೋಬಹುದಾ?

ಹಾವೇರಿ ಹುಡುಗ: ಅಮ್ಮನಿಗೆ 63. ಎರಡೂ ಮಂಡಿ ನೋವು, ಮೆಟ್ಟಿಲು ಇಳಿಯುವಾಗ ಜಾಸ್ತಿ. ಸಂಬಂಧಿಕರೊಬ್ಬರು ಮ್ಯಾಗ್ನೆಟ್ ಹಾಸಿಗೆ ಮಾರುತ್ತಾರೆ. ರಕ್ತದಲ್ಲಿ ಕಬ್ಬಿಣ ಇದೆ, ಅಯಸ್ಕಾಂತ ಅದನ್ನು ಎಳೆದು ರಕ್ತದ ಓಡಾಟ ಹೆಚ್ಚಿಸುತ್ತದೆ ಅಂತ ಮನೆಗೇ ಬಂದು ಹೇಳಿ ಹೋದರು. ಬೆಲೆ ಒಂದೂವರೆ ಲಕ್ಷ. ಅಮ್ಮನಿಗೆ ಆಸೆ ಹುಟ್ಟಿದೆ. ಗೊತ್ತಿದ್ದವರು ಹೇಳಿ.

ಶಾರದಕ್ಕ: ನಾನು ಬಳಸುತ್ತಿದ್ದೇನೆ. ಸೊಂಟನೋವು ಎಷ್ಟೋ ಕಡಿಮೆ, ನಿದ್ದೆಯೂ ಬರುತ್ತದೆ. ಮಾತ್ರೆ ನುಂಗಿ ನುಂಗಿ ಹೊಟ್ಟೆ ಉರಿ ಹತ್ತಿತ್ತು, ಅದೂ ಹೋಯಿತು. ನೋವು ತಿಂದವರಿಗಷ್ಟೇ ಗೊತ್ತು ಅದು ಏನು ಅಂತ.

ಫಿಸಿಕ್ಸ್ ಮೇಷ್ಟ್ರು: ಕಬ್ಬಿಣದ ಮಾತು ಪೂರ್ತಿ ಸುಳ್ಳು. ರಕ್ತದ ಕಬ್ಬಿಣ ಹಿಮೋಗ್ಲೋಬಿನ್ ಒಳಗೆ ಕಟ್ಟಿಕೊಂಡಿರುತ್ತದೆ, ಮೊಳೆಯ ಹಾಗೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆಮ್ಲಜನಕ ತುಂಬಿದ ರಕ್ತವನ್ನಂತೂ ಅಯಸ್ಕಾಂತ ತುಸು ದೂರವೇ ತಳ್ಳುತ್ತದೆ. ಎಂಆರ್‌ಐ ಯಂತ್ರದ ಅಯಸ್ಕಾಂತ ಬಹಳ ಬಲವಾದದ್ದು, ಅದರ ಅಳತೆಯಲ್ಲಿ ಸಾಮಾನ್ಯವಾಗಿ 1.5 ಟೆಸ್ಲಾ. ಅದರೊಳಗೆ ಮಲಗಿದವರ ರಕ್ತವೇ ಒಂದು ಕಡೆಗೆ ಓಡುವುದಿಲ್ಲ. ಹಾಸಿಗೆ ಮನೆಗೆ ಬಂದರೆ ಒಂದು ಪರೀಕ್ಷೆ ಮಾಡಿ. ಮೇಲೆ ದಪ್ಪ ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಒಂದು ಗುಂಡುಪಿನ್ ಇಡಿ. ಎಷ್ಟು ಹಿಡಿಯುತ್ತದೆ ನೋಡಿ. ದೂರ ಹೆಚ್ಚಿದ ಹಾಗೆ ಅಯಸ್ಕಾಂತದ ಬಲ ಬೇಗ ಸೋರಿಹೋಗುತ್ತದೆ. ಚರ್ಮ, ಮಾಂಸ ದಾಟಿ ಮಂಡಿಯ ಒಳಗೆ ಏನು ತಲುಪೀತು?

ಶಾರದಕ್ಕ: ಹಾಗಾದರೆ ನನಗೆ ಕಡಿಮೆ ಆಗಿದ್ದು ಸುಳ್ಳಾ?

ದಾವಣಗೆರೆ ಫಿಸಿಯೋ: ಸುಳ್ಳಲ್ಲ ಅಕ್ಕ. ನಿಮಗೆ ಕಡಿಮೆ ಆಗಿದೆ ಅಂದರೆ ಆಗಿದೆ. ಯಾತರಿಂದ ಅನ್ನುವುದೇ ಪ್ರಶ್ನೆ. ಮೊದಲು ಯಾವ ಹಾಸಿಗೆ ಇತ್ತು?

ಶಾರದಕ್ಕ: ಹಳೇ ಹತ್ತಿ ಹಾಸಿಗೆ. ನಡುವೆ ಹಳ್ಳ ಬಿದ್ದಿತ್ತು.

ದಾವಣಗೆರೆ ಫಿಸಿಯೋ: ಅದು ಹೋಗಿ ಗಟ್ಟಿ ಹಾಸಿಗೆ ಬಂತಲ್ವಾ? ಸೊಂಟಕ್ಕೆ ಅದೇ ದೊಡ್ಡ ಬದಲಾವಣೆ. ಇನ್ನೊಂದು, ನೋವು ಏರುತ್ತದೆ, ಇಳಿಯುತ್ತದೆ. ತೀರಾ ತಡೆಯಲಾರದಷ್ಟು ಆದಾಗಲೇ ನಾವು ಇಂಥದ್ದನ್ನು ಕೊಳ್ಳುವುದು. ಆಮೇಲೆ ನೋವು ತಾನಾಗಿ ಇಳಿದರೂ ಕೊಂಡದ್ದರಿಂದಲೇ ಅನ್ನಿಸುತ್ತದೆ. ಅದಕ್ಕೇ ನಕಲಿ ಮ್ಯಾಗ್ನೆಟ್ ಜೊತೆ ಹೋಲಿಸಿ ನೋಡುತ್ತಾರೆ. 2003ರಲ್ಲಿ ಅಮೆರಿಕದಲ್ಲಿ ಹಿಮ್ಮಡಿ ನೋವಿದ್ದ 101 ಜನರಿಗೆ ಚಪ್ಪಲಿಯೊಳಗೆ ಹಾಕುವ ಮ್ಯಾಗ್ನೆಟ್ ಪಟ್ಟಿ ಕೊಟ್ಟು ನೋಡಿದರು. ಅಸಲಿಗೂ ನಕಲಿಗೂ ವ್ಯತ್ಯಾಸ ಕಾಣಲಿಲ್ಲ.

ಬೆಳಗಾವಿ ಬಸು: ಒಂದೇ ಕಡೆ ಹೇಳಬೇಡಿ. 2004ರಲ್ಲಿ ಬ್ರಿಟನ್‌ನಲ್ಲಿ ಮಂಡಿ, ಸೊಂಟದ ಕೀಲು ಸವೆದ 194 ಜನರನ್ನು ಪರೀಕ್ಷಿಸಿದಾಗ ಮ್ಯಾಗ್ನೆಟ್ ಬಳೆ ತೊಟ್ಟವರಿಗೆ ನೋವು ಕಡಿಮೆ ಆಗಿತ್ತು.

ದಾವಣಗೆರೆ ಫಿಸಿಯೋ: ಹೌದು, ಆಗಿತ್ತು. ಆದರೆ ಅದು ಮ್ಯಾಗ್ನೆಟ್‌ನಿಂದಲೋ ನಂಬಿಕೆಯಿಂದಲೋ ಹೇಳಲಾಗದು ಅಂತ ಆ ಸಂಶೋಧಕರೇ ಬರೆದರು. ಬಳೆ ಬೀಗದ ಕೈಗೆ ಅಂಟಿತು ಅಂದರೆ ಅಸಲಿ ಅಂತ ಯಾರಿಗಾದರೂ ಗೊತ್ತಾಗುತ್ತದೆ. 2013ರಲ್ಲಿ ಪ್ರಕಟವಾದ ಇನ್ನೊಂದು ಬ್ರಿಟನ್ ಪರೀಕ್ಷೆಯಲ್ಲಿ ಸಂಧಿವಾತದ 70 ಜನರಿಗೆ ಬಲವಾದ ಮ್ಯಾಗ್ನೆಟ್, ದುರ್ಬಲ ಮ್ಯಾಗ್ನೆಟ್, ಶಕ್ತಿ ತೆಗೆದದ್ದು, ತಾಮ್ರದ ಬಳೆ, ನಾಲ್ಕನ್ನೂ ಸರದಿಯಲ್ಲಿ ಕೊಟ್ಟರು. ಯಾವುದೂ ಹೆಚ್ಚಲ್ಲ, ಕಡಿಮೆಯಲ್ಲ.

ಬೆಳಗಾವಿ ಬಸು: ಡಾಕ್ಟರುಗಳೇ ಖಿನ್ನತೆಗೆ ಮ್ಯಾಗ್ನೆಟ್ ಕೊಡುತ್ತಾರಲ್ಲ?

ಫಿಸಿಕ್ಸ್ ಮೇಷ್ಟ್ರು: ಅದು ಬೇರೆ. ಅಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ಕ್ಷೇತ್ರ ಮಿದುಳಿನ ನರಗಳಲ್ಲಿ ವಿದ್ಯುತ್ ಹುಟ್ಟಿಸುತ್ತದೆ. ಹಾಸಿಗೆಯೊಳಗೆ ಸುಮ್ನೆ ಕೂತ ಅಯಸ್ಕಾಂತಕ್ಕೆ ಆ ಕೆಲಸ ಬರುವುದಿಲ್ಲ.

ಹಾವೇರಿ ಹುಡುಗ: ಒಂದು ಮಾತು ಬಿಟ್ಟಿದ್ದೆ. ಅಪ್ಪನಿಗೆ ಹೃದಯದ ಬಡಿತ ಸರಿಯಾಗಿಡಲು ಎದೆಯೊಳಗೆ ಪೇಸ್‌ಮೇಕರ್ ಇದೆ. ಇಬ್ಬರೂ ಮಲಗುವುದು ಒಂದೇ ಮಂಚದಲ್ಲಿ.

ದಾವಣಗೆರೆ ಫಿಸಿಯೋ: ಹಾಗಿದ್ದರೆ ಆ ಹಾಸಿಗೆ ಮನೆಗೇ ಬೇಡ! ಮ್ಯಾಗ್ನೆಟ್ ತೀರಾ ಹತ್ತಿರ ಬಂದರೆ ಪೇಸ್‌ಮೇಕರ್ ಹೃದಯದ ಬಡಿತ ಗಮನಿಸುವುದು ಬಿಟ್ಟು ತನ್ನದೇ ಲೆಕ್ಕದಲ್ಲಿ ಬಡಿಯಲು ಶುರು ಮಾಡಬಹುದು. ಮ್ಯಾಗ್ನೆಟ್ ಇರುವ ಫೋನನ್ನೂ 15 ಸೆಂಟಿಮೀಟರ್ ದೂರ ಇಡಿ ಅನ್ನುತ್ತಾರೆ. ಮಗ್ಗುಲಾಗಿ, ಬೋರಲಾಗಿ ಮಲಗಿದರೆ ಎದೆಗೂ ಹಾಸಿಗೆಗೂ ಎಷ್ಟು ದೂರ ಉಳಿಯುತ್ತದೆ?

ಶಾರದಕ್ಕ: ತಮ್ಮಾ, ಇದನ್ನು ನಮಗೆ ಮಾರಿದವರೂ ಹೇಳಿರಲಿಲ್ಲ. ನನ್ನ ಸೊಂಟದ ಮಾತು ಬಿಡು, ನೀನು ತಗೋಬೇಡ.

ಹಾವೇರಿ ಹುಡುಗ: ಬೇಡ ಅಂತ ಈಗಲೇ ಫೋನ್ ಮಾಡುತ್ತೇನೆ. ಅಮ್ಮನಿಗೆ ಏನು ಮಾಡಿಸಲಿ?

ದಾವಣಗೆರೆ ಫಿಸಿಯೋ: ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಸವೆತ ಅಂತಾದರೆ ತೊಡೆಯ ಸ್ನಾಯು ಗಟ್ಟಿಯಾಗಬೇಕು. ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಚಾಚಿ, ಐದು ಎಣಿಸಿ, ಮೆಲ್ಲಗೆ ಇಳಿಸಲಿ. ಹತ್ತು ಸಲ, ಆಮೇಲೆ ಇನ್ನೊಂದು ಕಾಲು. ವಾರಗಟ್ಟಲೆ ಬಿಡದೆ ಮಾಡಬೇಕು.